ಲೆಕ್ಕ ಕೂಡದಿದ್ದಾಗ ಪೌಲಿ ಮಾಡಿದ್ದು

ನಾನು ಕಾಮರ್ಸ್ ವಿದ್ಯಾರ್ಥಿ. ಕಳೆದ ತಿಂಗಳು ಒಂದು ಟ್ರಯಲ್ ಬ್ಯಾಲೆನ್ಸ್‌ನಲ್ಲಿ ನನಗೆ 450 ರೂಪಾಯಿ ವ್ಯತ್ಯಾಸ ಬಂತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಒಂದು ಖರ್ಚಿನ ಅಂಕಿಯನ್ನು ತಿದ್ದಿ ಎರಡೂ ಕಡೆ ಸಮ ಮಾಡಿಬಿಟ್ಟೆ. ಬಿ.ಎಸ್ಸಿ. ಓದುತ್ತಿರುವ ನನ್ನ ಆಪಾ ಅದನ್ನು ನೋಡಿದರು. ಬೈಯಲಿಲ್ಲ. ವುಲ್ಫ್‌ಗ್ಯಾಂಗ್ ಪೌಲಿ ಎಂಬ ವಿಜ್ಞಾನಿಯ ಕಥೆ ಹೇಳಿದರು.

ಪೌಲಿ 1900ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿದರು. ಮ್ಯೂನಿಕ್‌ನಲ್ಲಿ ಓದಿ 21ನೇ ವಯಸ್ಸಿಗೆ ಡಾಕ್ಟರೇಟ್ ಪಡೆದರು. ಅದೇ ವರ್ಷ ಸಾಪೇಕ್ಷ ಸಿದ್ಧಾಂತದ ಬಗ್ಗೆ ಅವರು ಬರೆದ ದೊಡ್ಡ ಲೇಖನವನ್ನು ಸ್ವತಃ ಐನ್‌ಸ್ಟೈನ್ ಮೆಚ್ಚಿದರು. 1928ರಲ್ಲಿ ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕರಾದರು. ಯಾರ ತಪ್ಪನ್ನೂ ಮುಖದ ಮೇಲೆಯೇ ಹೇಳುವ ಸ್ವಭಾವ ಅವರದು.

ಆಗ ವಿಜ್ಞಾನಿಗಳಿಗೂ ಒಂದು ಲೆಕ್ಕ ಕೂಡುತ್ತಿರಲಿಲ್ಲ. ಕೆಲವು ಪರಮಾಣುಗಳ ಬೀಜಕೇಂದ್ರ ಎಲೆಕ್ಟ್ರಾನನ್ನು ಹೊರಕ್ಕೆ ಎಸೆಯುತ್ತದೆ. ಇದಕ್ಕೆ ಬೀಟಾ ಕ್ಷಯ ಎನ್ನುತ್ತಾರೆ. ಬೀಜಕೇಂದ್ರ ಕಳೆದುಕೊಂಡ ಶಕ್ತಿಯಷ್ಟೂ ಎಲೆಕ್ಟ್ರಾನ್‌ನಲ್ಲಿ ಸಿಗಬೇಕಿತ್ತು. ಆದರೆ ಪ್ರತಿ ಸಲವೂ ಬೇರೆ ಬೇರೆ ಮೊತ್ತ, ಹೆಚ್ಚಾಗಿ ಕಡಿಮೆಯೇ. ಉಳಿದದ್ದು ಎಲ್ಲಿಗೆ ಹೋಯಿತು? ಇಲ್ಲಿ ಶಕ್ತಿಯ ನಿಯಮವೇ ನಡೆಯುವುದಿಲ್ಲವೇನೋ ಎಂದು ನೀಲ್ಸ್ ಬೋರ್ ಅವರಂಥ ದೊಡ್ಡವರೇ ಯೋಚಿಸಿದ್ದರು.

ಪೌಲಿ ನಿಯಮವನ್ನು ಬಿಡಲಿಲ್ಲ. 1930 ಅವರಿಗೆ ಕಷ್ಟದ ವರ್ಷ. ತಾಯಿ ಮೂರು ವರ್ಷ ಹಿಂದೆ ತೀರಿಕೊಂಡಿದ್ದರು, ಮದುವೆ ಒಂದೇ ವರ್ಷದಲ್ಲಿ ಮುರಿದಿತ್ತು. ಆ ಡಿಸೆಂಬರ್ 4ರಂದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸೇರಲಿದ್ದ ವಿಜ್ಞಾನಿಗಳಿಗೆ ಒಂದು ಪತ್ರ ಬರೆದರು. ವಿದ್ಯುದಂಶವಿಲ್ಲದ, ಕಣ್ಣಿಗೆ ಬೀಳದ ಒಂದು ಪುಟ್ಟ ಕಣ ಉಳಿದ ಶಕ್ತಿಯನ್ನು ಒಯ್ಯುತ್ತಿರಬಹುದು ಎಂಬುದು ಅದರ ಸಾರ. ಯಾರಿಗೂ ಹಿಡಿಯಲಾಗದ ಕಣವನ್ನು ಹೇಳಿಬಿಟ್ಟೆನಲ್ಲ ಎಂಬ ಅಳುಕು ಅವರಿಗಿತ್ತು. ಅದಕ್ಕೇ ಅದನ್ನು ಕೂಡಲೇ ಅಚ್ಚು ಮಾಡಿಸಲೂ ಇಲ್ಲ.

ಇದನ್ನು ಕೇಳಿದಾಗ ನನಗೆ ನಮ್ಮ ಸಸ್ಪೆನ್ಸ್ ಅಕೌಂಟ್ ನೆನಪಾಯಿತು. ವ್ಯತ್ಯಾಸವನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಅಲ್ಲಿ ಬರೆದು, ಆಮೇಲೆ ಕಾರಣ ಹುಡುಕುತ್ತೇವೆ. ಪೌಲಿಯ ಪತ್ರವೂ ಹಾಗೆಯೇ.

ಇಟಲಿಯ ಎನ್ರಿಕೊ ಫರ್ಮಿ ಆ ಕಣವನ್ನು ನ್ಯೂಟ್ರಿನೊ ಎಂದು ಕರೆದು, 1934ರಲ್ಲಿ ಪೂರ್ತಿ ಸಿದ್ಧಾಂತ ಕಟ್ಟಿದರು. ಯುದ್ಧದ ಕಾಲದಲ್ಲಿ ಪೌಲಿ ಅಮೆರಿಕಕ್ಕೆ ಹೋದರು. 1945ರಲ್ಲಿ ಅವರಿಗೆ ನೊಬೆಲ್ ಬಂದದ್ದು ಎಲೆಕ್ಟ್ರಾನ್‌ಗಳ ಬಗ್ಗೆ 1925ರಲ್ಲಿ ಕಂಡುಹಿಡಿದ ಬೇರೊಂದು ನಿಯಮಕ್ಕೆ. ಮರುವರ್ಷ ಜ್ಯೂರಿಕ್‌ಗೆ ಮರಳಿದರು. ನ್ಯೂಟ್ರಿನೊ ಆಗಲೂ ಯಾರ ಕೈಗೂ ಸಿಕ್ಕಿರಲಿಲ್ಲ.

1956ರ ಜೂನ್‌ನಲ್ಲಿ ಪೌಲಿಗೆ ಟೆಲಿಗ್ರಾಂ ಬಂತು. ಅಮೆರಿಕದ ರೈನ್ಸ್ ಮತ್ತು ಕೋವನ್ ಒಂದು ಅಣು ರಿಯಾಕ್ಟರ್ ಬಳಿ ನ್ಯೂಟ್ರಿನೊ ಇರುವುದನ್ನು ಪತ್ತೆ ಮಾಡಿದ್ದರು. ಎರಡೂವರೆ ವರ್ಷದ ನಂತರ, 1958ರ ಡಿಸೆಂಬರ್‌ನಲ್ಲಿ ಪೌಲಿ ತೀರಿಕೊಂಡರು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅದನ್ನು ನೋಡಲು ಅವರು ಇರಲಿಲ್ಲ.

ಅಂದು ರಾತ್ರಿ ನಾನು ತಿದ್ದಿದ ಅಂಕಿಯನ್ನು ಮೊದಲಿನಂತೆ ಬರೆದು, 450 ರೂಪಾಯಿಯನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿದೆ. ಪೌಲಿ 26 ವರ್ಷ ಕಾದರು. ನನಗೆ ಎರಡು ಸಂಜೆ ಸಾಕಾಯಿತು: 1,610 ಎಂದು ಬರೆಯಬೇಕಾದ ಕಡೆ 1,160 ಎಂದು ಬರೆದಿದ್ದೆ.