ಮನೆ ಕಟ್ಟಿಸಿದವರಿಗೇ ಬೀಗದ ಕೈ ಸಿಗಲಿಲ್ಲ!

ಮುಖ್ಯಮಂತ್ರಿ ಕುರ್ಚಿಗೆ ಎಷ್ಟು ಕಾಲು? ಬಡಗಿಯನ್ನು ಕೇಳಿದರೆ ನಾಲ್ಕು ಅಂತಾನೆ. ರಾಜಕೀಯದವರೂ ನಾಲ್ಕೇ ಅಂತಾರೆ, ಆದರೆ ಲೆಕ್ಕ ಬೇರೆ. ಜನರ ಓಟು ಒಂದು, ಸ್ವಂತ ಪಕ್ಷದ ಶಾಸಕರು ಇನ್ನೊಂದು, ದಿಲ್ಲಿಯ ವರಿಷ್ಠರು ಮತ್ತೊಂದು, ಜಾತಿ ಬಲ ಕೊನೆಯದು. ಎರಡನೇ ಕಾಲು ಮುರಿದರೆ ಉಳಿದ ಮೂರು ಇದ್ದೂ ಕುರ್ಚಿ ನಿಲ್ಲೋದಿಲ್ಲ. ಅನುಮಾನವಿದ್ದವರು ನಮ್ಮ ಕಡೆಯವರೇ ಆದ ಕೆಂಗಲ್ ಹನುಮಂತಯ್ಯನವರ ಕಥೆ ಕೇಳಬೇಕು.

ಹುಟ್ಟಿದ್ದು 1908ರ ಫೆಬ್ರವರಿ 14ರಂದು, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರು. ಒಕ್ಕಲು ಮನೆತನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಲಾ ಮುಗಿಸಿ, ಕರಿ ಕೋಟು ತೊಟ್ಟರು. ಅದನ್ನು ಬಿಟ್ಟು ಕಾಂಗ್ರೆಸ್ ಚಳವಳಿಗೆ ಧುಮುಕಿ ಜೈಲು ಕಂಡರು. ಮೈಸೂರು ರಸ್ತೆ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋಗುವವರು ಕಿಟಕಿಯಿಂದಲೇ ಕೈ ಮುಗಿಯುತ್ತಾರಲ್ಲ, ಆ ಕೆಂಗಲ್ ಆಂಜನೇಯನ ಹೆಸರೇ ಇವರ ಹೆಸರಿನ ಮುಂದೆ ಬಂದು ಕೂತದ್ದು.

ದೇಶದ ಸಂವಿಧಾನ ಬರೆದ ಸಭೆಯಲ್ಲೂ ಇವರು ಸದಸ್ಯರು. 1952ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ಬಂದದ್ದು 74. ಕೆ.ಸಿ. ರೆಡ್ಡಿಯವರ ನಂತರ ಮಾರ್ಚ್ 30ರಂದು ಹನುಮಂತಯ್ಯ ಮುಖ್ಯಮಂತ್ರಿ. ರಾಜ್ಯಪಾಲರ ಜಾಗದಲ್ಲಿ ರಾಜಪ್ರಮುಖರಾಗಿ ಇದ್ದವರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಸಿಂಹಾಸನ ಇದ್ದವರಿಗೆ ಅಧಿಕಾರವಿಲ್ಲ, ಅಧಿಕಾರ ಇದ್ದವರಿಗೆ ಸಿಂಹಾಸನವಿಲ್ಲ!

ವಿಧಾನಸಭೆ ಆಗ ನಡೆಯುತ್ತಿದ್ದದ್ದು ಅಠಾರಾ ಕಚೇರಿಯಲ್ಲಿ, ಅಂದರೆ ಇವತ್ತಿನ ಹೈಕೋರ್ಟಿನ ಕೆಂಪು ಕಟ್ಟಡದಲ್ಲಿ. ಸ್ವಂತ ಕಟ್ಟಡ ಬೇಕು ಅಂತ ರೆಡ್ಡಿಯವರ ಕಾಲದಲ್ಲೇ ತೀರ್ಮಾನವಾಗಿ, 1951ರ ಜುಲೈ 13ರಂದು ಪ್ರಧಾನಿ ನೆಹರೂ ಬಂದು ಶಂಕುಸ್ಥಾಪನೆ ಮಾಡಿ ಹೋಗಿದ್ದರು. ಹನುಮಂತಯ್ಯನವರು ಬಂದವರೇ ಆ ನಕ್ಷೆಯನ್ನು ಬದಿಗಿಟ್ಟರು. ಬ್ರಿಟಿಷರ ಕಟ್ಟಡದ ಎದುರಿಗೆ ಇನ್ನೊಂದು ಬ್ರಿಟಿಷ್ ಮಾದರಿ ಯಾಕೆ? ನಮ್ಮ ಗುಡಿ ಗೋಪುರಗಳ ಗತ್ತು ಇರಬೇಕು, ಕಲ್ಲಿನಲ್ಲೇ ಏಳಬೇಕು ಅನ್ನೋದು ಅವರ ಹಟ. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಹೊಸ ನಕ್ಷೆ ಬರೆದರು. ಸಾವಿರಾರು ಕೂಲಿಯವರು, ಕಲ್ಲುಕುಟಿಗರು, ಜೊತೆಗೆ ಜೈಲಿನ ಕೈದಿಗಳೂ ದುಡಿದರು. ಮುಖ್ಯಮಂತ್ರಿಗಳು ತಾವೇ ಹೋಗಿ ಕಂಬ ಕಮಾನು ನೋಡಿ ಬರುತ್ತಿದ್ದರಂತೆ. ಸರ್ಕಾರದ ಕೆಲಸ ದೇವರ ಕೆಲಸಕ್ಕೆ ಸಮ ಅಂತ ಹಣೆಯ ಮೇಲೆ ಕೆತ್ತಿಸಿದರು. ಒಳಗೆ ಕಡತ ಹಿಡಿದು ಅಲೆದವರಿಗೆ ಆ ಬರಹ ನೋಡಿ ಏನನ್ನಿಸುತ್ತದೆ ಅನ್ನೋದು ಬೇರೆ ವಿಷಯ.

ಖರ್ಚು ಮೊದಲ ಅಂದಾಜನ್ನು ಎಲ್ಲೋ ದಾಟಿ 1 ಕೋಟಿ 80 ಲಕ್ಷದ ಹತ್ತಿರಕ್ಕೆ ಬಂತು. ಅಕ್ಕಿ ಇಲ್ಲದ ಕಾಲದಲ್ಲಿ ಇದೆಂಥ ಅರಮನೆ ಅಂತ ವಿರೋಧಿಗಳು ಬಾಯಿ ಮಾಡಿದರು. ಸ್ವಪಕ್ಷದವರೂ ಒಳಗೊಳಗೇ ಲೆಕ್ಕ ಕೇಳತೊಡಗಿದರು. ಹನುಮಂತಯ್ಯನವರಿಗೆ ನಾಲ್ಕು ಜನರನ್ನು ಕೂರಿಸಿಕೊಂಡು ಸಮಾಧಾನ ಹೇಳುವ ಗುಣ ಕಡಿಮೆ. ಮಾತು ಗಡಸು, ನಡೆ ನೇರ. ಶಾಸಕರಿಗೆ ಬೇಕಾದದ್ದು ಹೆಗಲ ಮೇಲೆ ಕೈ. ಅದು ಸಿಗಲಿಲ್ಲ.

ಆದರೆ ಕುರ್ಚಿಗೆ ದೊಡ್ಡ ಪೆಟ್ಟು ಬಿದ್ದದ್ದು ಕಟ್ಟಡದಿಂದಲ್ಲ, ಏಕೀಕರಣದಿಂದ. 1953ರ ಅಕ್ಟೋಬರ್‌ನಲ್ಲಿ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆಮೇಲೆ ಫಜಲ್ ಅಲಿ ಆಯೋಗ ಕೂತು, ಕನ್ನಡ ಸೀಮೆಗಳೆಲ್ಲ ಒಂದಾಗಲಿ ಅಂತ 1955ರಲ್ಲಿ ವರದಿ ಕೊಟ್ಟಿತು. ಬೆಳಗಾವಿ, ಧಾರವಾಡ, ಗುಲ್ಬರ್ಗ, ಮಂಗಳೂರಿನವರಿಗೆ ಹಬ್ಬ. ಹಳೇ ಮೈಸೂರಿನ ಬಹಳ ಮಂದಿ ನಾಯಕರಿಗೆ ಸಂಕಟ. ಶಿವನಸಮುದ್ರದ ಕರೆಂಟು ನಮ್ಮದು, ಕನ್ನಂಬಾಡಿ ನಮ್ಮದು, ಭದ್ರಾವತಿ ಕಾರ್ಖಾನೆ ನಮ್ಮದು. ಇದರ ಆದಾಯ ಇನ್ನು ಮೇಲೆ ಹಿಂದುಳಿದ ಉತ್ತರಕ್ಕೆ ಹರಿದುಹೋಗುತ್ತದಲ್ಲ ಅನ್ನೋದು ಬಾಯಲ್ಲಿ ಹೇಳುವ ಕಾರಣ. ಹೊಟ್ಟೆಯಲ್ಲಿದ್ದ ಕಾರಣ ಬೇರೆ. ಹಳೇ ಮೈಸೂರಿನಲ್ಲಿ ಒಕ್ಕಲಿಗರ ಕೈ ಮೇಲು. ದೊಡ್ಡ ರಾಜ್ಯವಾದರೆ ಲಿಂಗಾಯತರ ಸಂಖ್ಯೆ ಹೆಚ್ಚು, ಗದ್ದುಗೆ ಅತ್ತ ಹೋಗುತ್ತದೆ. ಎರಡು ಕನ್ನಡ ರಾಜ್ಯ ಇದ್ದರೇನು ತಪ್ಪು ಅಂತ ವಾದ ಎದ್ದದ್ದು ಹೀಗೆ.

ಹನುಮಂತಯ್ಯನವರೂ ಒಕ್ಕಲಿಗರೇ. ಸುಮ್ಮನಿದ್ದಿದ್ದರೆ, ಕೊನೇ ಪಕ್ಷ ಆಗಲಿ ನೋಡೋಣ ಅಂತ ದಿನ ದೂಡಿದ್ದರೆ, ಸ್ವಂತ ಪಾಳಯ ಬೆನ್ನಿಗಿರುತ್ತಿತ್ತು. ಅವರು ಏಕೀಕರಣದ ಪರ ನಿಂತರು. 1955ರ ಕೊನೆಯಲ್ಲಿ ಸದನದಲ್ಲಿ ದಿನಗಟ್ಟಲೆ ಚರ್ಚೆಯಾಯಿತು, ಮುಖ್ಯಮಂತ್ರಿ ಹಿಂದೆ ಸರಿಯಲಿಲ್ಲ. ತಮ್ಮ ಬುಡಕ್ಕೆ ತಾವೇ ಕೊಡಲಿ ಹಾಕಿಕೊಳ್ಳುತ್ತಿದ್ದೇನೆ ಅನ್ನೋದು ಅವರಂಥ ಲೆಕ್ಕ ಬಲ್ಲವರಿಗೆ ಗೊತ್ತಿರಲಿಲ್ಲ ಅಂತ ಈ ವರದಿಗಾರ ನಂಬೋದಿಲ್ಲ.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ಸದನದಲ್ಲಿ ವಿರೋಧ ಪಕ್ಷ ತರುವ ಅವಿಶ್ವಾಸ ಬೇರೆ, ಪಕ್ಷದ ಶಾಸಕರು ಕೋಣೆಯೊಳಗೆ ಕೂತು ತೋರಿಸುವ ಅವಿಶ್ವಾಸ ಬೇರೆ. ಮೊದಲನೆಯದು ನಡೆದರೆ ಸರ್ಕಾರವೇ ಬೀಳುತ್ತದೆ. ಎರಡನೆಯದು ನಡೆದರೆ ಸರ್ಕಾರ ಹಾಗೇ ಇರುತ್ತದೆ, ಮುಖ್ಯಮಂತ್ರಿ ಮಾತ್ರ ಬದಲು. ಜನರ ಓಟು ಕೇಳಬೇಕಾಗಿಲ್ಲ. ಹನುಮಂತಯ್ಯನವರಿಗೆ ಆದದ್ದು ಎರಡನೆಯದು. ಕಾಂಗ್ರೆಸ್ಸಿನ ಬಹುಮತ ಅಲ್ಲಾಡಲಿಲ್ಲ, ಶಾಸಕಾಂಗ ಪಕ್ಷದೊಳಗೆ ಅವರ ಬಹುಮತ ಕರಗಿತು. 1956ರ ಆಗಸ್ಟ್ 19ರಂದು ಕುರ್ಚಿ ಕಡಿದಾಳ್ ಮಂಜಪ್ಪನವರಿಗೆ ಹೋಯಿತು.

ವಿಧಾನಸೌಧ ಕಚೇರಿಗೆ ಸಿದ್ಧವಾಗಿ ನಿಂತದ್ದೂ ಅದೇ ವರ್ಷ. ಕಟ್ಟಿಸಿದವರು ಅಲ್ಲಿ ಮುಖ್ಯಮಂತ್ರಿಯಾಗಿ ಕೂರಲಿಲ್ಲ. ಸಾಲದ್ದಕ್ಕೆ ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. ನವೆಂಬರ್ 1ಕ್ಕೆ 19 ಜಿಲ್ಲೆಗಳ ಹೊಸ ರಾಜ್ಯ ಬಂತು. ಮಂಜಪ್ಪನವರು ಎರಡೂವರೆ ತಿಂಗಳಿಗೇ ಇಳಿದು ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಅವರಾದರೂ ಭದ್ರವೇ? 1958ರ ಮೇ ತಿಂಗಳಲ್ಲಿ ಅದೇ ಶಾಸಕಾಂಗ ಪಕ್ಷ ಅವರ ಕೈಯನ್ನೂ ಬಿಟ್ಟಿತು, ಬಿ.ಡಿ. ಜತ್ತಿ ಬಂದರು. ಕೋಣೆಯೊಳಗಿನ ಲೆಕ್ಕಕ್ಕೆ ಉತ್ತರ ದಕ್ಷಿಣ ಅನ್ನೋ ಭೇದವಿಲ್ಲ!

ಹನುಮಂತಯ್ಯನವರು 1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಹೋದರು. 1967ರಿಂದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ರಾಜ್ಯ ಸರ್ಕಾರಗಳ ಆಡಳಿತ ಹೇಗಿರಬೇಕು ಅಂತಲೇ ಒಂದು ವರದಿ ಕೊಟ್ಟರು. ಮಂತ್ರಿಮಂಡಲ, ಇಲಾಖೆ, ಕಲೆಕ್ಟರ ಕಚೇರಿ ಎಲ್ಲವನ್ನೂ ಒಳಗಿನಿಂದ ಕಂಡವರ ಕೈಯ ಕೆಲಸ ಅದು. 1971ರಲ್ಲಿ ಇಂದಿರಾ ಸಂಪುಟದಲ್ಲಿ ರೈಲ್ವೆ ಮಂತ್ರಿಯಾದರು. ಮರು ವರ್ಷವೇ ಅದೂ ಹೋಯಿತು. 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರ ಎದುರು ಸೋತರು. ಅದೊಂದು ಸಲ ಅವರನ್ನು ಇಳಿಸಿದ್ದು ಜನರೇ. ತೀರಿಕೊಂಡದ್ದು 1980ರ ಡಿಸೆಂಬರ್ 1ರಂದು.

ವಿಧಾನಸೌಧದ ಒಂದು ಬಾಗಿಲಿಗೆ ಕೆಂಗಲ್ ಗೇಟ್ ಅಂತ ಹೆಸರಿದೆ. ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಶಾಂತಿನಗರದ ರಸ್ತೆಗೂ ಅವರದೇ ಹೆಸರು, ಕೆ.ಎಚ್. ರಸ್ತೆ. ಬಸ್ ಪಾಸಿನ ತಕರಾರಿಗೆ ಅಲ್ಲಿಗೆ ಹೋಗುವವರು ಆಟೋದವರಿಗೆ ಡಬಲ್ ರೋಡ್ ಅಂತ ಹೇಳಿದರೆ ಬೇಗ ತಿಳಿಯುತ್ತದೆ.