ಪಾಲಕ್ಕಾಡ್‌ನಿಂದ ಬಂದು ಬೆಂಗಳೂರಿಗೆ ನಲ್ಲಿ ನೀರು ಕೊಟ್ಟ ದಿವಾನ ಶೇಷಾದ್ರಿ ಅಯ್ಯರ್

ಬೆಂಗಳೂರಿನಲ್ಲಿ ಶೇಷಾದ್ರಿಪುರಂ, ಶೇಷಾದ್ರಿ ರಸ್ತೆಯ ಹೆಸರು ಕೇಳದವರಿಲ್ಲ. ಕಬ್ಬನ್ ಪಾರ್ಕ್‌ನ ಕೆಂಪು ಕಟ್ಟಡದ ಗ್ರಂಥಾಲಯದ ಎದುರು ನಿಂತಿರುವ ಪ್ರತಿಮೆಯನ್ನೂ ಹಲವರು ನೋಡಿರುತ್ತಾರೆ. ಆದರೆ ಈ ನಗರಕ್ಕೆ ಮೊದಲ ಬಾರಿ ದೂರದಿಂದ ಕೊಳವೆಯಲ್ಲಿ ಕುಡಿಯುವ ನೀರು ಬಂದದ್ದು ಇವರ ಆಡಳಿತದಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತು?

ಮಲಬಾರ್‌ನಿಂದ ಮೈಸೂರಿಗೆ

ಕೆ. ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರಲ್ಲಿ, ಈಗಿನ ಕೇರಳದ ಪಾಲಕ್ಕಾಡ್ ಬಳಿಯ ಕುಮಾರಪುರಂನಲ್ಲಿ. ಕಲ್ಲಿಕೋಟೆಯಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅವರನ್ನು ಇಲ್ಲಿಗೆ ಕರೆತಂದವರು ರಂಗಾಚಾರ್ಲು. 1883ರಲ್ಲಿ ದಿವಾನ ರಂಗಾಚಾರ್ಲು ತೀರಿಕೊಂಡಾಗ ಆ ಹುದ್ದೆ ಶೇಷಾದ್ರಿ ಅಯ್ಯರ್ ಪಾಲಿಗೆ ಬಂತು. ಆಗ ಅವರ ವಯಸ್ಸು ಕೇವಲ 37. ಮುಂದೆ 18 ವರ್ಷ ಅವರೇ ದಿವಾನರು.

ಕೆರೆ ನಂಬಿದ್ದ ಊರು

ಆ ಕಾಲದ ಬೆಂಗಳೂರು ನೀರಿಗೆ ನಂಬಿದ್ದು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳನ್ನು ಮತ್ತು ಬಾವಿಗಳನ್ನು. 1870ರ ದಶಕದ ಭೀಕರ ಬರ ಈ ನೆಚ್ಚಿಕೆಯನ್ನು ಅಲುಗಿಸಿತ್ತು. ಮಳೆ ಬಂದ ವರ್ಷವೂ ಸಮಸ್ಯೆ ತಪ್ಪಲಿಲ್ಲ. ಊರು ಬೆಳೆದಂತೆ ಕೊಳಚೆಯೂ ಕುಡಿಯುವ ನೀರಿನ ಕೆರೆಗಳತ್ತಲೇ ಹರಿಯತೊಡಗಿತು.

ಇದಕ್ಕೆ ಕಂಡುಕೊಂಡ ದಾರಿ, ಊರಿನ ಹೊಲಸು ತಲುಪದ ಕಡೆಯಿಂದ ನೀರು ತರುವುದು. ಸುಮಾರು 20 ಕಿ.ಮೀ. ದೂರದ ಹೆಸರಘಟ್ಟದಲ್ಲಿ ಅರ್ಕಾವತಿ ನದಿಯ ಹಳೆಯ ಕೆರೆಯನ್ನು 1894ರಲ್ಲಿ ಹೊಸದಾಗಿ ಕಟ್ಟಲಾಯಿತು. ಅಲ್ಲಿಂದ ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು ಬಂದ ನೀರನ್ನು ಉಗಿಯಂತ್ರಗಳು ನಗರದತ್ತ ಎತ್ತಿ ಕಳಿಸುತ್ತಿದ್ದವು. 1896ರಲ್ಲಿ ಪೂರೈಕೆ ಶುರುವಾಯಿತು. ಯೋಜನೆಗೆ ಮಹಾರಾಜ ಚಾಮರಾಜೇಂದ್ರ ಒಡೆಯರ್ ಹೆಸರಿಡಲಾಯಿತು. ನಗರಕ್ಕೆ ನೀರು ಬರುವ ಮೊದಲೇ, 1894ರ ಡಿಸೆಂಬರ್‌ನಲ್ಲಿ ಅವರು ಕಲ್ಕತ್ತೆಯಲ್ಲಿ ನಿಧನರಾಗಿದ್ದರು.

1898ರಲ್ಲಿ ಪ್ಲೇಗ್ ಅಪ್ಪಳಿಸಿದಾಗ ಪೇಟೆಯ ಇಕ್ಕಟ್ಟು ಬಿಡಿಸಲು ಮಲ್ಲೇಶ್ವರಂ, ಬಸವನಗುಡಿ ಬಡಾವಣೆಗಳು ಬೆಳೆದವು. ಮುಂದೆ ಮಲ್ಲೇಶ್ವರಂನಲ್ಲೇ ಜ್ಯುವೆಲ್ ಫಿಲ್ಟರ್ಸ್ ಎಂಬ ಶೋಧಕ ಘಟಕವೂ ಬಂತು.

ಮೆಚ್ಚುಗೆ ಮತ್ತು ಟೀಕೆ

ದಿವಾನರಿಗೆ ಹೊಗಳಿಕೆಯಷ್ಟೇ ಟೀಕೆಯೂ ಇತ್ತು. ಸಂಸ್ಥಾನದ ದೊಡ್ಡ ಹುದ್ದೆಗಳು ಮದ್ರಾಸಿನಿಂದ ಬಂದವರ ಪಾಲಾಗುತ್ತಿವೆ ಎಂದು ಮೈಸೂರಿಗರು ದೂರುತ್ತಿದ್ದರು. ಅನಾರೋಗ್ಯದಿಂದ 1901ರಲ್ಲಿ ಅಧಿಕಾರ ಬಿಟ್ಟ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ಅವರು ಆರಂಭಿಸಿದ್ದ ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅರ್ಕಾವತಿ ಕಲಿಸಿದ ಪಾಠ

1925ರ ಹೊತ್ತಿಗೆ ಹೆಸರಘಟ್ಟ ಬತ್ತಿತು. ಅದೇ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ 1933ರಲ್ಲಿ ಆಸರೆಯಾಯಿತು. ಕೊನೆಗೆ ಕೊಳಚೆ ಆ ನೀರನ್ನೂ ಬಿಡಲಿಲ್ಲ, ಕುಡಿಯಲು ಅದನ್ನು ಬಳಸುವುದು ನಿಂತಿತು. 1974ರಿಂದ ಬೆಂಗಳೂರಿಗೆ ಕಾವೇರಿ ಬರುತ್ತಿದ್ದಾಳೆ. ಸುಮಾರು 100 ಕಿ.ಮೀ. ದೂರದ ಆ ನೀರನ್ನು ಎತ್ತುವುದು ಶಿವನಸಮುದ್ರದ ಸಮೀಪದಿಂದಲೇ ಎಂಬುದು ವಿಶೇಷ.

ಇಂದು ಜಲಮಂಡಳಿ ನೀರನ್ನು ಪಟಿಕದಿಂದ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕಳಿಸುತ್ತದೆ. ದಾರಿಯಲ್ಲಿ ಸೇರಬಹುದಾದ ರೋಗಾಣು ಸಾಯಲಿ ಎಂದು, ನಲ್ಲಿ ತಲುಪಿದಾಗಲೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ರಾಷ್ಟ್ರೀಯ ಮಾನದಂಡ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೊಳಚೆಯಿಂದ ತಪ್ಪಿಸಿಕೊಳ್ಳಲು 20 ಕಿ.ಮೀ. ಆಚೆ ಹೋದರೆ ಸಾಕಿತ್ತು. ಇಂದಿನ ಬೆಂಗಳೂರು 100 ಕಿ.ಮೀ. ಹೋಗಿದೆ. ಇನ್ನೂ ದೂರ ಹುಡುಕುವ ಮೊದಲು ಹತ್ತಿರದ ನೀರನ್ನು ಕೊಳಚೆಯಿಂದ ಕಾಪಾಡದಿದ್ದರೆ ಅರ್ಕಾವತಿಯ ಕತೆ ಮತ್ತೆ ನಡೆಯುವುದು ಖಚಿತ.