ಬಡವರ ಕೇರಿಯಲ್ಲೊಂದು ಮಕ್ಕಳ ಮನೆ

ನಗರದ ಬೀದಿಯಲ್ಲಿ ಮಾಂಟೆಸ್ಸೊರಿ ಎಂಬ ಫಲಕ ಕಂಡರೆ ದುಬಾರಿ ಶುಲ್ಕದ ಶಾಲೆಯೇ ನಮ್ಮ ನೆನಪಿಗೆ ಬರುತ್ತದೆ. ಆದರೆ ಆ ಹೆಸರಿನ ಮಹಾತಾಯಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಕಡುಬಡವರ ಕೇರಿಯಲ್ಲಿ, ಕೂಲಿಕಾರರ ಮಕ್ಕಳಿಗಾಗಿ. ಬಡ ಮನೆಯ ಮಗು ಬೆಳೆಯಲು ಏನು ಬೇಕು ಎಂಬ ಪ್ರಶ್ನೆಗೆ ಅವರ ಬದುಕೇ ಒಂದು ಉತ್ತರವಾಗಿದೆ.

ಮರಿಯಾ ಮಾಂಟೆಸ್ಸೊರಿ 1870ರ ಆಗಸ್ಟ್ 31ರಂದು ಇಟಲಿ ದೇಶದ ಕಿಯಾರವಾಲೆ ಎಂಬ ಊರಿನ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ತಂದೆ ಸರ್ಕಾರಿ ನೌಕರರು. ಮಗಳು ವೈದ್ಯಳಾಗುವುದು ಅವರಿಗೆ ಹಿಡಿಸಲಿಲ್ಲ. ತಾಯಿ ರೆನಿಲ್ಡೆ ಮಾತ್ರ ಮಗಳ ಬೆನ್ನಿಗೆ ನಿಂತರು. ಗಂಡು ವಿದ್ಯಾರ್ಥಿಗಳ ಜೊತೆ ಹೆಣ್ಣೊಬ್ಬಳು ಶವಪರೀಕ್ಷೆ ಕಲಿಯಬಾರದೆಂಬ ಕಾಲವದು. ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಕುಳಿತು ಕಲಿತರು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, ಇಟಲಿಯ ಮೊದಲ ಕೆಲವೇ ವೈದ್ಯೆಯರಲ್ಲಿ ಒಬ್ಬರೆನಿಸಿದರು.

ಮನೋರೋಗ ಚಿಕಿತ್ಸಾಲಯದ ಕೆಲಸ ಅವರ ಜೀವನದ ದಾರಿಯನ್ನೇ ತಿರುಗಿಸಿತು. ಅಲ್ಲಿ ಬುದ್ಧಿ ಬೆಳೆಯದ ಮಕ್ಕಳನ್ನು ಹುಚ್ಚರೊಡನೆ ಕೂಡಿಹಾಕುತ್ತಿದ್ದರು. ಮುಟ್ಟಿ ನೋಡಲು, ಹಿಡಿದು ಆಡಲು ಆ ಮಕ್ಕಳಿಗೆ ಒಂದು ವಸ್ತುವೂ ಇರಲಿಲ್ಲ. ಇಟಾರ್ ಮತ್ತು ಸೆಗ್ವೆನ್ ಎಂಬ ಫ್ರಾನ್ಸಿನ ವೈದ್ಯರ ಗ್ರಂಥಗಳನ್ನು ಓದಿ, ಕೈಕೆಲಸದ ಸಾಧನಗಳನ್ನು ಮಾಡಿಸಿ, ಮರಿಯಾ ಅವರಿಗೆ ಪಾಠ ಹೇಳಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದರು. ಜನ ಇದನ್ನು ಪವಾಡವೆಂದು ಹೊಗಳುತ್ತಿದ್ದಾಗ ಮರಿಯಾ ಅವರ ಚಿಂತೆ ಬೇರೆಯಾಗಿತ್ತು. ಇಂಥ ಮಕ್ಕಳೇ ಇಷ್ಟು ಕಲಿತರೆ, ಆರೋಗ್ಯವಂತ ಮಕ್ಕಳನ್ನು ಇಷ್ಟು ಕೆಳಗೆ ತಡೆದು ಹಿಡಿದಿರುವುದಾದರೂ ಏನು?

ಇದೇ ವರ್ಷಗಳಲ್ಲಿ ಅವರ ಸ್ವಂತ ಬಾಳಿನಲ್ಲಿ ದೊಡ್ಡ ನೋವೊಂದು ಹೊಕ್ಕಿತು. 1898ರಲ್ಲಿ, ವಿವಾಹವಾಗದೆ, ಅವರಿಗೆ ಮರಿಯೊ ಎಂಬ ಮಗ ಹುಟ್ಟಿದ. ಅಂದಿನ ಸಮಾಜಕ್ಕೆ ಅಂಜಿ ಮಗುವನ್ನು ಹಳ್ಳಿಯ ಬೇರೊಂದು ಕುಟುಂಬಕ್ಕೆ ಒಪ್ಪಿಸಬೇಕಾಯಿತು. ಲೋಕದ ಮಕ್ಕಳನ್ನು ಅರಿತ ತಾಯಿಗೆ ತನ್ನ ಮಗುವಿನ ಎಳೆತನ ದಕ್ಕಲಿಲ್ಲ. ಸುಮಾರು ಹದಿನೈದನೆಯ ವಯಸ್ಸಿನಲ್ಲಿ ಮಗ ತಾಯಿಯ ಬಳಿಗೆ ಬಂದ. ಮುಂದೆ ಕೊನೆಯವರೆಗೂ ಆಕೆಯ ಬಲಗೈಯಾದ.

ರೋಮಿನ ಸಾನ್ ಲೊರೆಂಜೊ ಕೇರಿಯಲ್ಲಿ 1880ರ ದಶಕದಲ್ಲಿ ಅರ್ಧಕ್ಕೆ ನಿಂತ ದೊಡ್ಡ ಕಟ್ಟಡಗಳಿದ್ದವು. ಕೂಲಿಕಾರರು, ನಿರುದ್ಯೋಗಿಗಳು, ಭಿಕ್ಷುಕರು ಒಂದೊಂದು ಕೋಣೆಯಲ್ಲಿ ಹಲವರಾಗಿ ಬಾಳುತ್ತಿದ್ದರು. ಬೆಳಕಿಲ್ಲ, ಗಾಳಿಯಿಲ್ಲ, ಶುಚಿತ್ವವಿಲ್ಲ. ಎದುವಾರ್ದೊ ತಾಲಮೊ ಎಂಬವರ ನೇತೃತ್ವದ ಸಂಸ್ಥೆಯೊಂದು ಅವುಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತು. ತಂದೆತಾಯಿ ದುಡಿಯಲು ಹೋದಾಗ ಚಿಕ್ಕಮಕ್ಕಳು ಮೆಟ್ಟಿಲುಗಳಲ್ಲಿ ಅಲೆದು ಹೊಸ ಗೋಡೆಗಳನ್ನು ಕೆಡಿಸತೊಡಗಿದರು. ಗೋಡೆ ಉಳಿಸಲು ಹೊರಟವರು ಮರಿಯಾ ಅವರ ನೆರವು ಕೇಳಿದರು. ಅದರಿಂದ ಮಕ್ಕಳು ಉಳಿದರು.

1907ರ ಜನವರಿ 6, ಮೂರು ರಾಯರ ಹಬ್ಬ. ಬಾಲಯೇಸುವಿಗೆ ಕಾಣಿಕೆ ಅರ್ಪಿಸಿದ ಆ ದಿನದಂದೇ ಮಾರ್ಸಿ ಬೀದಿಯ ಕಟ್ಟಡದಲ್ಲಿ ಮಕ್ಕಳ ಮನೆ ತೆರೆಯಿತು. ಐವತ್ತಕ್ಕೂ ಹೆಚ್ಚು ಮಕ್ಕಳು, ಸಪ್ಪಗಿನ ಮುಖ, ಅಳು, ಅಂಜಿಕೆ. ಶುಲ್ಕವಿರಲಿಲ್ಲ, ಆದರೆ ನಿಯಮವಿತ್ತು. ಮಗುವನ್ನು ತೊಳೆದು, ಶುಭ್ರ ಬಟ್ಟೆ ತೊಡಿಸಿ ಕಳುಹಿಸಬೇಕು. ತಾಯಿ ವಾರಕ್ಕೊಮ್ಮೆಯಾದರೂ ಬಂದು ಶಿಕ್ಷಕಿಯೊಡನೆ ಮಗುವಿನ ವಿಷಯ ಮಾತನಾಡಬೇಕು. ಮಕ್ಕಳ ಎತ್ತರ, ತೂಕವನ್ನು ಅಳೆದು ಬರೆದಿಡುತ್ತಿದ್ದರು. ಶಾಲೆ ಇದ್ದದ್ದು ಅವರು ವಾಸಿಸುವ ಕಟ್ಟಡದಲ್ಲೇ, ಆದ್ದರಿಂದ ತಾಯಿ ಯಾವಾಗ ಬೇಕಾದರೂ ಇಣುಕಿ ನೋಡಬಹುದಿತ್ತು.

ಮಕ್ಕಳೇ ಎತ್ತಬಲ್ಲ ಪುಟ್ಟ ಮೇಜು, ಪುಟ್ಟ ಕುರ್ಚಿ. ಕೈ ತೊಳೆಯುವುದು, ಗುಂಡಿ ಹಾಕುವುದು, ಗುಡಿಸುವುದೇ ಮೊದಲ ಪಾಠ. ನಾಲ್ಕು ವರ್ಷದ ಮಕ್ಕಳು ಬಿಸಿ ಸೂಪಿನ ಪಾತ್ರೆ ಹಿಡಿದು, ಚೆಲ್ಲದೆ ಗೆಳೆಯರಿಗೆ ಬಡಿಸಿದರು. ಮರದ ದಿಂಡುಗಳನ್ನು ಗುಳಿಗಳಲ್ಲಿ ಜೋಡಿಸುತ್ತಿದ್ದ ಮೂರು ವರ್ಷದ ಹುಡುಗಿಯೊಬ್ಬಳು, ಸುತ್ತಲೂ ಇತರರು ಹಾಡಿದರೂ ಕದಲದೆ, ನಲವತ್ತಕ್ಕೂ ಹೆಚ್ಚು ಬಾರಿ ಅದೇ ಕೆಲಸ ಮಾಡಿದಳು. ಮೂಗು ಒರೆಸಿಕೊಳ್ಳುವುದನ್ನು ಗದರದೆ ಕಲಿಸಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸದಾ ಬೈಸಿಕೊಳ್ಳುತ್ತಿದ್ದ ವಿಷಯದಲ್ಲಿ ಯಾರೋ ತಮಗೆ ಗೌರವ ಕೊಟ್ಟರೆಂಬ ಸಂತೋಷ ಅದು. ಓದು ಬರಹ ಬಾರದ ತಾಯಂದಿರೇ ಬಂದು ಅಕ್ಷರ ಕಲಿಸಿರೆಂದು ಬೇಡಿದರು. ಉಜ್ಜುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿದ ಮಕ್ಕಳು ಕೆಲವೇ ತಿಂಗಳಲ್ಲಿ ಬರೆದರು.

1908ರ ಡಿಸೆಂಬರಿನಲ್ಲಿ ಮೆಸ್ಸಿನಾ ನಗರ ಭೂಕಂಪದಿಂದ ನೆಲಸಮವಾಯಿತು. ಅನಾಥ ಮಕ್ಕಳನ್ನು ರೋಮಿನ ಜೂಸ್ತಿ ಬೀದಿಯಲ್ಲಿದ್ದ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಕನ್ಯಾಮಠಕ್ಕೆ ಕರೆತರಲಾಯಿತು. 1877ರಲ್ಲಿ ನಮ್ಮ ಊಟಿಯಲ್ಲಿ ಹುಟ್ಟಿದ ಸಭೆ ಅದು. ಭಯದಿಂದ ಮೂಕರಾಗಿ, ಅನ್ನ ನಿದ್ದೆ ಬಿಟ್ಟಿದ್ದ ಆ ಮಕ್ಕಳು ಭಗಿನಿಯರ ಆರೈಕೆ ಮತ್ತು ಮರಿಯಾ ಅವರ ಕ್ರಮದಲ್ಲಿ ಮತ್ತೆ ನಕ್ಕರು.

ಮಕ್ಕಳಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಶಿಸ್ತು ಕೆಡುವುದೆಂದು ಧರ್ಮಸಭೆಯಲ್ಲೂ ಕೆಲವರು ಶಂಕಿಸಿದರು. ಆದರೆ ಜಗದ್ಗುರು ಹದಿನೈದನೇ ಬೆನೆಡಿಕ್ಟರು 1918ರಲ್ಲಿ ಅವರ ಕಾರ್ಯವನ್ನು ಆಶೀರ್ವದಿಸಿದರು. ಮುಂದೆ ಮುಸೊಲಿನಿಯ ಸರ್ಕಾರದೊಡನೆ ವಿರಸ ಬೆಳೆದು ಮರಿಯಾ ದೇಶ ಬಿಟ್ಟರು. 1939ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಗನೊಡನೆ ಮದ್ರಾಸಿಗೆ ಬಂದರು. ಯುದ್ಧದಿಂದಾಗಿ ಬ್ರಿಟಿಷರು ಮಗನನ್ನು ಬಂಧಿಸಿದರು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿದರು. ಅಡ್ಯಾರ್ ಮತ್ತು ಕೊಡೈಕೆನಾಲುಗಳಲ್ಲಿದ್ದು 1946ರವರೆಗೆ ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಹುಟ್ಟಿದ ದಿನದಿಂದಲೇ ಮಗು ಕಲಿಯುತ್ತದೆ ಎಂಬ ಅವರ ಚಿಂತನೆ ಬಲಿತದ್ದು ಭಾರತದಲ್ಲೇ. 1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್‌ನಲ್ಲಿ ನಿಧನರಾಗಿ, ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಚಿರನಿದ್ರೆಯಲ್ಲಿದ್ದಾರೆ.

ಮೊದಲ ಕೆಲವು ವರ್ಷಗಳಲ್ಲೇ ಮಿದುಳು ಅತಿ ವೇಗವಾಗಿ ಬೆಳೆಯುತ್ತದೆ, ಅರೆಹೊಟ್ಟೆ, ಪದೇ ಪದೇ ಬರುವ ಭೇದಿ, ಅಲಕ್ಷ್ಯ ಅದನ್ನು ಕುಂಠಿತಗೊಳಿಸುತ್ತವೆ ಎಂದು ಇಂದು ವೈದ್ಯರು ಹೇಳುತ್ತಾರೆ. ಬಡತನವನ್ನು ತಾಯಿಯೊಬ್ಬಳೇ ನೀಗಲಾರಳು. ಸಾನ್ ಲೊರೆಂಜೊದಲ್ಲೂ ಮೊದಲು ಮನೆಗಳು ದುರಸ್ತಿಯಾದವು, ಬಳಿಕ ಮಕ್ಕಳು ಅರಳಿದರು. ಆದುದರಿಂದ ಶುದ್ಧ ನೀರು, ಪೌಷ್ಟಿಕ ಆಹಾರ, ಸುರಕ್ಷಿತ ಸ್ಥಳ ಇಡೀ ಸಮುದಾಯದ ಹೊಣೆ. ನಮ್ಮ ಧರ್ಮಕೇಂದ್ರದ ಅಂಗಳದಾಚೆ ಒಂದು ಅಂಗನವಾಡಿ ಇದ್ದೀತು. ಅಲ್ಲಿ ಕುಡಿಯುವ ನೀರಿದೆಯೇ, ಕೂರಲು ಚಾಪೆಯಿದೆಯೇ ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಉಳಿದದ್ದು ಮನೆಯ ಕೆಲಸ, ಅದಕ್ಕೆ ಹಣ ಬೇಡ. ಪ್ರಿಯ ಪೋಷಕರೇ, ಮಗುವಿನೊಡನೆ ದಿನವೂ ಮಾತನಾಡಿ. ಅವರೆಕಾಯಿ ಸುಲಿಯಲು, ತಟ್ಟೆ ಇಡಲು ಅದಕ್ಕೂ ಪಾಲು ಕೊಡಿ. ತಡವಾದರೂ ತನ್ನ ಗುಂಡಿ ತಾನೇ ಹಾಕಿಕೊಳ್ಳಲಿ, ಕಾದು ನಿಲ್ಲಿ. ಚಿಕ್ಕಮಕ್ಕಳನ್ನು ತನ್ನ ಬಳಿಗೆ ಬರಗೊಟ್ಟ ಪ್ರಭು ಯೇಸು, ನಾವು ಅವರಿಗಾಗಿ ಕಾಯುವ ಆ ಒಂದು ಗಳಿಗೆಯನ್ನೂ ಕಾಣಿಕೆಯಾಗಿ ಸ್ವೀಕರಿಸುವರು.